ಮುಟ್ಟಬ್ಯಾಡ್ರಿ ನನ್ನ ಲ್ಯಾಪ್‌ಟಾಪ್!

'ಊಟ ಆತೇನ?'

ಮೊಬೈಲಿನ ಮೇಲೆ ಆ ಎರಡು ಶಬ್ದ ಮೂಡಿದ್ದೇ ತಡ, ನಂದಾಳ ಕೈಯಲ್ಲಿದ್ದ ಮೌಸ್ ಗೋಡೆಗೆ ಹೋಗಿ ಬಡಿಯಿತು!

ಮುಚ್ಚಳ ಒಂದು ಕಡೆ, ಬ್ಯಾಟರಿ ಒಂದು ಕಡೆ. ಒಳಗಿನ ಚಕ್ರ ಉರುಳುತ್ತ ಹೋಗಿ ಜೋಳದ ಚೀಲದ ಕೆಳಗೆ ಸೇರಿಕೊಂಡಿತು.

ದಿನಾ ಮಧ್ಯಾಹ್ನ ಇದೇ ಪ್ರಶ್ನೆ! 'ತಪ್ಪಾತು' ಅಂದಿಲ್ಲ. 'ಮನಿಗಿ ಬಾ' ಅಂದಿಲ್ಲ. ಮುನಿಸಿಕೊಂಡು ತವರಿಗೆ ಬಂದು ಕುಳಿತ ಹೆಂಡತಿಯ ಹತ್ತಿರ ಆಡಲು ಆ ಮನುಷ್ಯನಿಗೆ ಬೇರೆ ಮಾತೇ ಇಲ್ಲವೇ?

"ಏನ ಬಿತ್ತ ಬೇ ನಂದಾ?" ಅಡುಗೆಮನೆಯಿಂದ ಅವ್ವ ಯಲ್ಲವ್ವ ಕೂಗಿದಳು.

"ಏನಿಲ್ಲವಾ... ಇಲಿ!"

ಸುಳ್ಳೇನೂ ಹೇಳಲಿಲ್ಲ ಅವಳು. ಮೌಸ್ ಅಂದರೆ ಇಲಿಯೇ ತಾನೇ!

ಆದರೆ ಸಿಟ್ಟು ಇಳಿದ ಮೇಲೆ ನಂದಾಳ ಎದೆ ಧಸಕ್ಕೆಂದಿತು. ಅಯ್ಯೋ... ಇದ್ದದ್ದು ಅದೊಂದೇ ಮೌಸ್. ಇವತ್ತೇ ಮುಗಿಸಬೇಕಾದ ಕೆಲಸ ಪರದೆಯ ಮೇಲೆ ಅರ್ಧಕ್ಕೆ ನಿಂತಿದೆ!

ನಂದಾ ಬನಹಟ್ಟಿಯ ನೇಕಾರರ ಮಗಳು. ಸೀರೆಯ ದಡಿ, ಅಂದರೆ ಅಂಚಿನ ಚಿತ್ತಾರ, ಬರೆಯುವುದು ಅವಳ ಕೆಲಸ. ಅವಳು ಲ್ಯಾಪ್‌ಟಾಪಿನಲ್ಲಿ ಬರೆದ ಹೂವು ಬಳ್ಳಿ ನೋಡಿ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಆ ಕಾರ್ಡು ಮಗ್ಗದ ಮೇಲೇರಿದರೆ ಸೀರೆಯ ಅಂಚಿನಲ್ಲಿ ಅದೇ ಹೂವು ಅರಳುತ್ತದೆ.

ಈ ಸಲ ಅವಳು ಬರೆಯುತ್ತಿದ್ದುದು ಕುಸುಬೆ ಹೂವಿನ ದಡಿ. ಮುಳ್ಳು ಸಮೇತ! ಗಂಡನ ಮೇಲಿನ ಸಿಟ್ಟೆಲ್ಲ ಆ ಮುಳ್ಳುಗಳಲ್ಲಿ ಇಳಿದಿತ್ತೋ ಏನೋ, ನೋಡಿದವರು ಬೆರಳು ಹಿಂದಕ್ಕೆ ಎಳೆದುಕೊಳ್ಳುವಷ್ಟು ಚೂಪಾಗಿದ್ದವು. ಜಮಖಂಡಿಯ ಸೀರೆ ಅಂಗಡಿಯ ಶ್ರೀದೇವಿ ಅಕ್ಕ ಅದನ್ನು ನೋಡಿದವಳೇ ಕುಣಿದುಬಿಟ್ಟಿದ್ದಳು.

"ಇದನ್ನ ನಾನ ನೇಯಸ್ತೀನಿ ನಂದಾ. ಸೀರಿ ಮ್ಯಾಲಿನ ಚೀಟ್ಯಾಗ ನಿನ್ನ ಹೆಸರ ಹಾಕಸ್ತೀನಿ. ಆದ್ರ ಇವತ್ತ ಹೊತ್ತ ಮುಳುಗೂದ್ರಾಗ ಡಿಸೈನ್ ನನ್ನ ಮೊಬೈಲಿಗೆ ಬರಬೇಕ ನೋಡವಾ. ನಾಳೆ ಮುಂಜಾನೆ ಕಾರ್ಡ್ ಹೊಡೆಯಾಕ ಕೊಡೂದೈತಿ, ನೀನೂ ಬಾ. ತಡಾ ಆದ್ರ ನಾ ಬ್ಯಾರೆ ದಡಿ ಹಿಡೀತೀನಿ, ಮದವಿ ಸೀಜನ್ ಯಾರಿಗೂ ಕಾಯಂಗಿಲ್ಲ."

ನನ್ನ ಹೆಸರು! ದಡಿ ಬರೆದವರ ಹೆಸರು ಸೀರೆಯ ಮೇಲೆ ಬರುವುದನ್ನು ನಂದಾ ಈವರೆಗೆ ಕಂಡಿರಲಿಲ್ಲ.

ಉಳಿದದ್ದು ಇಷ್ಟೇ. ದಡಿ ಮತ್ತು ಸೆರಗು ಕೂಡುವ ಮೂಲೆಯಲ್ಲಿ ಬಳ್ಳಿ ತಿರುಗಿಸಬೇಕು. ಮೌಸ್ ಇಲ್ಲದಿದ್ದರೇನು, ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಇದೆಯಲ್ಲ... ಎಂದುಕೊಂಡು ಬೆರಳಿಟ್ಟಳು.

ಬಾಣ ಕದಲಲಿಲ್ಲ.

ಬೆರಳು ಒರೆಸಿಕೊಂಡು ಮತ್ತೆ ಉಜ್ಜಿದಳು. ಇಲ್ಲ! ಬಂದ್ ಮಾಡಿ ಚಾಲೂ ಮಾಡಿದಳು. ಇಲ್ಲ! ಅದರ ತಲೆಯ ಮೇಲೊಂದು ಗುದ್ದಿದಳು. ಊಹೂಂ...

ಲ್ಯಾಪ್‌ಟಾಪ್ ರಿಪೇರಿ ಮಾಡುವ ಕಾಮಣ್ಣನಿಗೆ ಫೋನ್ ಮಾಡಿದರೆ ಅವನು ವಿಜಯಪುರದ ಬಸ್ಸಿನಲ್ಲಿದ್ದ.

"ಇವತ್ತ ಪ್ಯಾಟಿ ರಜಾ ಐತಲ್ಲ ತಂಗಿ, ಹೊಸಾ ಮೌಸೂ ಸಿಗಂಗಿಲ್ಲ. ಮತ್ತ ನಿಂದು ವಿಂಡೋಸ್ ಅಲ್ಲ, ಲಿನಕ್ಸ್. ಅದರ ಹಣೇಬಾರ ನನಗ ತಿಳಿಯಂಗಿಲ್ಲ. ಯಾರ ಹಾಕಿಕೊಟ್ಟಾರೋ ಅವರನ್ನ ಕೇಳವಾ."

ಯಾರು ಹಾಕಿಕೊಟ್ಟಾರೋ ಅವರನ್ನ...

ನಂದಾ ಹಲ್ಲು ಕಚ್ಚಿದಳು. ಹಾಕಿಕೊಟ್ಟವನು ಬೇರೆ ಯಾರು? ಅವನೇ. ಆ ಬಾಳೇಶ!

ಬಾಳೇಶ ಮುಧೋಳದವನು, ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ನೌಕರ. ಮದುವೆಯಾದ ಹೊಸತರಲ್ಲಿ ಅವಳ ಹಳೆಯ ಲ್ಯಾಪ್‌ಟಾಪ್ ಎತ್ತಿನ ಗಾಡಿಯಂತೆ ಎಳೆಯುವುದನ್ನು ಕಂಡು, ಅವಳು ಬೆಳಿಗ್ಗೆ ಏಳುವಷ್ಟರಲ್ಲಿ ಇದ್ದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಟ್ಟಿದ್ದ. ಅವಳನ್ನು ಕೇಳಿರಲಿಲ್ಲ! ಅವತ್ತು ನಂದಾ ಕೂಗಾಡಿದ್ದಳು. ಆಮೇಲೆ ಅದು ಕುದುರೆಯಂತೆ ಓಡುವುದನ್ನು ಕಂಡು ನಕ್ಕು ಸುಮ್ಮನಾಗಿದ್ದಳು.

ನಕ್ಕದ್ದೇ ತಪ್ಪಾಯಿತು, ಎಂದು ಈಗ ಅನ್ನಿಸಿತು ಅವಳಿಗೆ. ಕೇಳದೆ ಮಾಡುವ ಚಟ ಅಂದೇ ಬಿಡಿಸಬೇಕಿತ್ತು.

ಹೊತ್ತು ಇಳಿದಂತೆ ಗೋಡೆಯ ಮೇಲಿನ ಬಿಸಿಲು ಮೇಲೇರುತ್ತಿತ್ತು. ಬೇರೆ ದಾರಿ ಇರಲಿಲ್ಲ. ಕೋಣೆಯ ಬಾಗಿಲು ಮುಂದೆ ಮಾಡಿ ನಂಬರ್ ಒತ್ತಿದಳು.

ಮೊದಲ ರಿಂಗಿಗೇ ಎತ್ತಿದ. "ನಂದಾ...?"

ಎಷ್ಟೋ ದಿನಗಳ ಮೇಲೆ ಕಿವಿಗೆ ಬಿದ್ದ ಆ ದನಿಗೆ ಅವಳ ಕೈ ತಾನಾಗಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಿತು. ಥೂ! ಎಂದು ತನ್ನನ್ನೇ ಬೈದುಕೊಂಡಳು.

"ಮಾತಾಡಾಕ ಫೋನ್ ಮಾಡಿಲ್ಲ. ಟಚ್‌ಪ್ಯಾಡ್ ನಡೀವಲ್ದು. ಏನ ಮಾಡ್ಬೇಕು ಅಷ್ಟ ಹೇಳ್ರಿ."

ಆ ಕಡೆ ಒಂದು ಉಸಿರು. ಆಮೇಲೆ ಮೆಲ್ಲಗೆ, "ಮೌಸ್ ಹಿಡದ ನೋಡಿದ್ಯಾ?"

"ಮೌಸ್ ಇಲ್ಲ."

"ಎಲ್ಲಿ ಹೋತು?"

"ಗ್ವಾಡಿಗಿ ಹೋತು!"

ಅವನು ಮುಂದೆ ಕೇಳಲಿಲ್ಲ. ಯಾಕೆ ಗೋಡೆಗೆ ಹೋಯಿತೆಂದು ತಿಳಿಯದಷ್ಟು ದಡ್ಡನಲ್ಲ ಅವನು.

"ಕೀಬೋರ್ಡಿನ ಮ್ಯಾಲಿನ ಸಾಲಿನಾಗ ಟಚ್‌ಪ್ಯಾಡಿನ ಚಿತ್ರ ಇದ್ದದ್ದೊಂದು ಬಟನ್ ಐತಿ. ಎಫ್‌ಎನ್ ಹಿಡಕೊಂಡು ಅದನ್ನ ಒತ್ತು. ಕೈ ತಾಗಿ ಬಂದ್ ಆಗಿರಬೇಕು."

"ಒತ್ತೀನಿ. ಏನೂ ಆಗಿಲ್ಲ."

"ಕಂಟ್ರೋಲ್, ಆಲ್ಟ್, ಟಿ... ಮೂರೂ ಕೂಡೇ ಒತ್ತು. ಕರೀ ಕಿಡಕಿ ತೆರೀತೈತಿ. ಅದರಾಗ 'ಎಕ್ಸ್‌ಇನ್‌ಪುಟ್ ಲಿಸ್ಟ್' ಅಂತ ಟೈಪ್ ಮಾಡು. ಟಚ್‌ಪ್ಯಾಡ್ ಅಂತ ಹೆಸರ ಬಂತೇನ ನೋಡು."

ಅವಳು ಒಂದೊಂದೇ ಅಕ್ಷರ ಒತ್ತಿದಳು. "ಬಂತು. ಹೆಸರೈತಿ."

"ಹಂಗಾರ ಅದು ಸತ್ತಿಲ್ಲ ನಂದಾ. ಜೀವಂತ ಐತಿ. ಒಳಗ ಎಲ್ಲಾ ಐತಿ, ಮಾತ ಆಡವಲ್ದು ಅಷ್ಟ."

"ಥೇಟ್ ನಿಮ್ಮಂಗ!"

ನಂದಾಳಿಗೆ ಒಂದು ಕ್ಷಣ ಸಮಾಧಾನವಾಯಿತು. ಬಿತ್ತಲ್ಲ, ಬೀಳಬೇಕಾದ ಜಾಗಕ್ಕೇ ಬಿತ್ತು!

"ಈಗ ಅದರ ಡ್ರೈವರ್ ತಗದು ಮತ್ತ ಹಾಕೂಣು," ಎಂದ ಅವನು, ದನಿ ತಗ್ಗಿಸಿ. "ಮೊದಲ 'ಸುಡೋ' ಅಂತ ಬರಿ."

"ಏನ ಸುಡೋದು?"

"ಸುಡೋದಲ್ಲ. ಸುಡೋ. ಎಸ್, ಯು, ಡಿ, ಓ. ಹಂಗ ಅಂದ್ರ..."

"ಸುಡಾಕ ನನಗೂ ಮನಸೈತ್ರಿ! ಎಲ್ಲಾ ಕೂಡಸಿ ಸುಡಬೇಕು ಅನಸ್ತೈತಿ! ಮುಂದ ಹೇಳ್ರಿ!"

ತೆಗೆಯುವ ಸಾಲು, ಹಾಕುವ ಸಾಲು ಎರಡನ್ನೂ ಅವನು ಹೇಳಿದ, ಅವಳು ಬರೆದಳು. ಎಂಟರ್ ಒತ್ತಿದರೆ ಪರದೆ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಇದೆಯೆಂಬುದೇ ನಂದಾಳಿಗೆ ಗೊತ್ತಿರಲಿಲ್ಲ. ಅದನ್ನೂ ಇಟ್ಟವನು ಅವನೇ!

"ಪಾಸ್‌ವರ್ಡ್ ಏನು?"

ಬಾಳೇಶ ಸುಮ್ಮಸುಮ್ಮನೆ ಕೆಮ್ಮಿದ.

"ಕೇಳಸ್ತಿಲ್ಲೇನ್ರಿ? ಪಾಸ್‌ವರ್ಡ್!"

"...ಹುಣಸಿಹೂ."

ನಂದಾಳ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು. ಮೈಯೆಲ್ಲ ಉರಿದುಹೋಯಿತು. ಜಗಳವಾದದ್ದೇ ಆ ಹೂವಿಗಾಗಿ. ಆ ಹೆಸರನ್ನು ಈಗ ತನ್ನ ಕೈಯಿಂದಲೇ ಬರೆಸುತ್ತಾನೆಯೇ?

"ನಾಚಿಕಿ ಬರಂಗಿಲ್ಲೇನ್ರಿ ನಿಮಗ?" ಎಂದವಳೇ ಫೋನ್ ಕಟ್ ಮಾಡಿದಳು.

ಹುಣಸೆ ಹೂವು...

ಹಳದಿ ಎಸಳು, ಅದರ ಮೇಲೆ ಕೂದಲೆಳೆಯಂಥ ಕೆಂಪು ಗೆರೆ. ಆ ದಡಿ ಬರೆಯಲು ನಂದಾ ಮದುವೆಯಾದಾಗಿನಿಂದ ಮುಧೋಳದ ಮನೆಯಲ್ಲಿ ಕಣ್ಣು ಬತ್ತಿ ಮಾಡಿಕೊಂಡಿದ್ದಳು. ಗಂಡನ ಹೊರತು ಯಾರಿಗೂ ತೋರಿಸಿರಲಿಲ್ಲ. ಇನ್ನೂ ತಿದ್ದುವುದಿತ್ತು.

ದೀಪಾವಳಿ ಕಳೆದ ಮೇಲೆ ಬೀಳಗಿಯಲ್ಲಿ ಗೆಳತಿಯ ಮದುವೆ. ಊಟದ ಪಂಕ್ತಿಯಲ್ಲಿ ಎದುರಿಗೆ ಕುಳಿತ ಅಪರಿಚಿತ ಹೆಂಗಸಿನ ಸೀರೆ ನೋಡಿ ನಂದಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ತನ್ನ ಹೂವು! ತಿದ್ದಬೇಕೆಂದಿದ್ದ ಆ ಸೊಟ್ಟ ಎಸಳು ಕೂಡ ಹಾಗೇ!

"ಅಕ್ಕಾರ, ಸೀರಿ ಎಲ್ಲಿ ತಗೊಂಡ್ರಿ?"

"ರಬಕವಿಯಾಗ್ರಿ, ಪರಮಾನಂದ ಸಾವಕಾರ್ರ ಅಂಗಡ್ಯಾಗ. ದಡೀನ ಅವರ ತಯಾರ ಮಾಡ್ಯಾರಂತ."

ಮರುದಿನವೇ ನಂದಾ ಆ ಅಂಗಡಿಯ ಮೆಟ್ಟಿಲು ಹತ್ತಿದಳು. ಪರಮಾನಂದ ಎಲೆ ಅಡಿಕೆ ಜಗಿಯುತ್ತ ನಕ್ಕ. "ಕದ್ದದ್ದಲ್ಲವಾ. ನಿನ್ನ ಗಂಡನ ತಾನಾಗಿ ತಂದ ಕೊಟ್ಟಾನ. ಅವನ್ನ ಕೇಳು."

ಕೇಳಿದಳು.

"ಕೊಟ್ಟೀರೇನು?"

"ಹೂಂ. ಕೊಟ್ಟೀನಿ."

"ಮಾರಿಕೊಂಡ್ರಿ ಹಂಗಾರ. ಏನ ತಗೊಂಡ್ರಿ ಅದಕ್ಕ?"

ಬಾಳೇಶ ಅವಳ ಮುಖ ನೋಡಿದ. ಬಾಯಿ ತೆರೆದ, ಮುಚ್ಚಿದ. ಎದ್ದು ಹೊರಗೆ ಹೋದ. ಅಷ್ಟೇ!

ಆ ಮೌನವನ್ನು ನಂದಾ ಹೌದು ಎಂದೇ ತಿಳಿದಳು. ತಪ್ಪು ಮಾಡದವನಿಗೆ ಬಾಯಿ ಇರುವುದಿಲ್ಲವೇ? ಅಂದೇ ಚೀಲ ತುಂಬಿಕೊಂಡು ಬನಹಟ್ಟಿಯ ಬಸ್ಸು ಹತ್ತಿದಳು.

ಈಗ ಫೋನ್ ಪಕ್ಕಕ್ಕೆಸೆದು, ಕಣ್ಣೊರೆಸಿಕೊಂಡು, ಬೇಡವೆಂದರೂ ಆ ಹೂವಿನ ಹೆಸರನ್ನೇ ಟೈಪ್ ಮಾಡಿದಳು. ಅವನು ಹೇಳಿದ ಸಾಲುಗಳನ್ನೆಲ್ಲ ಮುಗಿಸಿದಳು. ಡ್ರೈವರ್ ಹೋಯಿತು, ಮತ್ತೆ ಬಂತು. ಬಾಣ ಮಾತ್ರ ಅಲ್ಲೇ, ಮುಳ್ಳು ಚುಚ್ಚಿಸಿಕೊಂಡಂತೆ ಕುಸುಬೆಯ ಹೂವಿನ ಮೇಲೆ ನಿಂತಿತ್ತು.

ಹೊತ್ತು ಇಳಿಮುಖವಾದಾಗ ಹೊರಗೆ ಬೈಕಿನ ಸದ್ದು.

"ಅಯ್ಯ, ಅಳಿಯಂದ್ರು! ಬರ್ರಿ ಬರ್ರಿ..." ಅವ್ವನ ದನಿ ಒಮ್ಮೆಲೇ ಮೆತ್ತಗಾಯಿತು. "ಲೇ ನಂದಾ, ಯಾರ ಬಂದಾರ ನೋಡು!"

ನಂದಾ ಬಾಗಿಲಿಗೆ ಬಂದಳು. ಬಾಳೇಶ ಕಾರ್ಖಾನೆಯ ಅಂಗಿಯಲ್ಲೇ ಇದ್ದ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಂದವನ ಹುಬ್ಬು, ಮೀಸೆ ಎಲ್ಲ ಧೂಳು. ಸೊರಗಿದ್ದ. ಕಣ್ಣಿನ ಕೆಳಗೆ ಕಪ್ಪು.

ನೋಡಬಾರದೆಂದುಕೊಂಡವಳು ಎಲ್ಲವನ್ನೂ ನೋಡಿದಳು.

"ಯಾರ ಕರದಾರ ನಿಮ್ಮನ್ನ?"

"ಯಾರೂ ಇಲ್ಲ."

"ಮತ್ತ ಕೇಳದ ಬಂದ್ರಿ! ಇದನ್ನೂ ಕೇಳದ!"

"ಫೋನ್ ಮಾಡೀನಿ ನಂದಾ. ನೀ ಎತ್ತಲಿಲ್ಲ." ಅವನು ಹೊಸ್ತಿಲಾಚೆಯೇ ನಿಂತಿದ್ದ. "ನಿನ್ನ ಕೆಲಸ ನಿಲ್ಲಬಾರದು ಅಂತ ಬಂದೆ. ಹೋಗು ಅಂದ್ರ ಹೋಗ್ತೀನಿ."

ಹೋಗು ಎನ್ನಲು ಅವಳ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಗೋಡೆ ನೋಡಿದಳು. ಬಿಸಿಲು ಜಂತಿಗೆ ಏರಿತ್ತು. ಸಿಟ್ಟನ್ನು ಆಮೇಲೆ ಮಾಡಬಹುದು, ದಡಿಯನ್ನು ಆಮೇಲೆ ಮಾಡಲಾಗದು...

ಅಡುಗೆಮನೆಯಲ್ಲಿ ಅವ್ವನ ಕಿವಿ ಇತ್ತ ಕಡೆಯೇ ಇತ್ತು. ಅವಳ ಮುಂದೆ ಮಾತು ಬೇಡವೆಂದು ನಂದಾ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಗಿನ ಮಗ್ಗದ ಕೋಣೆಗೆ ನಡೆದಳು. ಅಲ್ಲಿ ಪವರ್‌ಲೂಮ್‌ಗಳ ಖಟಾಖಟ್ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸದು. ಅಪ್ಪ ಮಲಕಾಜಪ್ಪ ಆ ಸದ್ದಿಗೇ ಅರ್ಧ ಕಿವುಡಾಗಿದ್ದ. ಅಳಿಯನನ್ನು ಕಂಡು ದೂರದಿಂದಲೇ ಕೈ ಎತ್ತಿ, ಹರಿದ ಎಳೆ ಕಟ್ಟುವುದರಲ್ಲಿ ಮುಳುಗಿದ.

ಮೂಲೆಯ ಮೇಜಿನ ಮೇಲೆ ನಂದಾ ಲ್ಯಾಪ್‌ಟಾಪ್ ಇಟ್ಟಳು. ಬಾಳೇಶ ರೂಢಿಯಂತೆ ಕೈ ಮುಂದೆ ಮಾಡಿದ.

"ಮುಟ್ಟಬ್ಯಾಡ್ರಿ ನನ್ನ ಲ್ಯಾಪ್‌ಟಾಪ್!"

ಬೆಂಕಿ ತಾಗಿದಂತೆ ಕೈ ಹಿಂದಕ್ಕೆ ಹೋಯಿತು.

"ಬಾಯಿಲೆ ಹೇಳ್ರಿ! ನಾ ಒತ್ತೀನಿ!" ಮಗ್ಗದ ಸದ್ದನ್ನು ಮೀರಿ ಕೂಗಿದಳು.

ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ, ತಪ್ಪು ಮಾಡಿ ಸಾಲೆಯಲ್ಲಿ ನಿಂತವನಂತೆ.

"ಸೆಟ್ಟಿಂಗ್ಸ್ ತಗಿ! ಟ್ಯಾಬ್ ಒತ್ತಕೋಂತ ಕೆಳಗ ಹೋಗು! ಮೌಸ್, ಟಚ್‌ಪ್ಯಾಡ್ ಅಂತ ಬರತೈತಿ ನೋಡು!"

"ಬಂತು!"

"ಎಂಟರ್! ಈಗ ಒಂದೊಂದ ಸಾಲ ಓದು!"

ಟ್ಯಾಬ್ ಒತ್ತುತ್ತ ನಂದಾ ಒಂದೊಂದೇ ಸಾಲು ಇಳಿದಳು. ವೇಗ... ಸದ್ದು... ಎರಡು ಬೆರಳು... ಕಟ್ಟಕಡೆಯ ಸಾಲಿಗೆ ಬಂದು ನಿಂತಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡಳು. ಮೌಸ್ ಹಚ್ಚಿದಾಗ ಟಚ್‌ಪ್ಯಾಡ್ ಬಂದ್ ಇರಲಿ. ಅದರ ಮುಂದೆ ಒಂದು ಟಿಕ್.

"ಇದೇನ ಇದು? ನನ್ನ ಮೌಸ್ ಒಡದ ಚೂರಾಗೇತಲ್ಲ!"

ಬಾಳೇಶ ಬಗ್ಗಿ ನೋಡಿದ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಉಗುರಿನಷ್ಟು ಪುಟ್ಟ ಕರಿಯ ತುಂಡೊಂದು ಸಿಕ್ಕಿಕೊಂಡಿತ್ತು. ಮೌಸಿನ ರಿಸೀವರ್.

"ಮೌಸ್ ಒಡದೈತಿ, ಖರೆ! ಆದ್ರ ಇದು ಒಳಗ ಇರೂತನಾ ಮೌಸ್ ಐತಿ ಅಂತ ಅದು ತಿಳಕೊಂಡೈತಿ! ಅದಕ್ಕ ಟಚ್‌ಪ್ಯಾಡ್ ಬಂದ್ ಇಟ್ಟೈತಿ!"

"ಮತ್ತ ಈ ಟಿಕ್? ತಾನಾಗಿ ಬಿತ್ತೇನು? ಯಾರ ಹಾಕಿದ್ದು?"

ಅವನ ಮುಖ ಬಾಡಿತು. ಆಗ ನೆನಪಾಯಿತು ಅವನಿಗೆ.

"...ನಾನ."

"ಕೇಳಸವಲ್ದು!"

"ನಾನ ಹಾಕಿದ್ದು! ನೀ ಹುಣಸಿ ಹೂ ಬರೀಮುಂದ ಮಣಿಕಟ್ಟ ಟಚ್‌ಪ್ಯಾಡಿಗಿ ತಾಗಿ ಗೆರಿ ಜಿಗೀತಿತ್ತಲ್ಲ! ಒಂದಿನ ಅದಕ್ಕ ಅತ್ತಿದ್ದಿ! ನೀ ಹಿತ್ತಲಕ್ಕ ಹೋದಾಗ ಹಾಕಿಟ್ಟೆ!"

ನಂದಾ ಅವನನ್ನೇ ನೋಡುತ್ತ ಕುಳಿತಳು.

ಹೌದು, ಒಂದು ದಿನದಿಂದ ಗೆರೆ ಜಿಗಿಯುವುದು ನಿಂತಿತ್ತು. ತನ್ನ ಕೈ ಪಳಗಿತು ಎಂದು ಅವಳು ಎಷ್ಟು ಹಿಗ್ಗಿದ್ದಳು! ಅವನ ಮುಂದೆಯೇ ಕೈ ಚಾಚಿ, 'ನೋಡ್ರಿ, ಈಗ ನಡಗಂಗಿಲ್ಲ ನನ್ನ ಕೈ' ಎಂದಿದ್ದಳು. ಅವನು ನಕ್ಕು, 'ಹೌದಲ್ಲ' ಎಂದಿದ್ದ. ಎಲ್ಲ ಗೊತ್ತಿದ್ದೂ!

ಕಣ್ಣು ತುಂಬಿ ಬಂತು. ಕಣ್ಣಿಗಿಂತ ಮೊದಲು ಸಿಟ್ಟು ತುಂಬಿ ಬಂತು!

"ನನ್ನ ಕೈ ಪಳಗೇತಿ ಅಂತ ತಿಳಕೊಂಡಿದ್ದೆ ನಾನು! ಆವಾಗರ ಹೇಳಬಾರದಾಗಿತ್ತ?"

"ನೀ ಅಷ್ಟ ಖುಷಿಯಾಗಿದ್ದಿ! ಹ್ಯಾಂಗ ಹೇಳ್ಲಿ?"

"ಖುಷಿ! ನನ್ನ ಖುಷಿ ಯಾವದು, ದುಃಖ ಯಾವದು, ಎಲ್ಲಾ ನೀವ ಗೊತ್ತ ಮಾಡವರು! ನನ್ನ ಲ್ಯಾಪ್‌ಟಾಪ್, ನನ್ನನ್ನ ಕೇಳಂಗಿಲ್ಲ! ನನ್ನ ದಡಿ, ನನ್ನನ್ನ ಕೇಳಂಗಿಲ್ಲ! ಹಂಗಾರ ಆ ಮನ್ಯಾಗ ನಾ ಯಾರು?"

ಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು. ನಂದಾ ಎದ್ದು ನಿಂತಳು. ಗಂಡನಿಗೆ ಎಂದೂ 'ನೀವು' ಬಿಟ್ಟು ಮಾತಾಡದವಳ ಬಾಯಿಂದ ಇಂದು ಅದೂ ಜಾರಿತು.

"ಇವತ್ತರ ಹೇಳು! ಏನ ತಗೊಂಡಿ ಆ ಪರಮಾನಂದನ ಕಡಿಂದ? ಹೇಳು!"

"ಏನೂ ಇಲ್ಲ!" ಬಾಳೇಶನ ಕುತ್ತಿಗೆಯ ನರ ಉಬ್ಬಿದವು. ಅವನು ಅಷ್ಟು ಜೋರಾಗಿ ಕೂಗಿದ್ದನ್ನು ಅವಳು ಕಂಡೇ ಇರಲಿಲ್ಲ. "ಏನೂ ತಗೊಂಡಿಲ್ಲ ನಂದಾ! ತೋರ್ಸಾಕ ಕೊಟ್ಟಿದ್ದೆ! ಇಷ್ಟ ಛಲೋ ದಡಿ ಲ್ಯಾಪ್‌ಟಾಪಿನ್ಯಾಗ ಮುಚ್ಚಿಟ್ಟಿ ಅಂತ! ಅವರು ನಿನಗ ಕೆಲಸ ಕೊಡ್ತಾರ, ನಿನ್ನ ಕರದ ಹೇಳೂಣು ಅಂತ ಆಸೆ ನನಗ! ಆ ಮನಶಾ ಹಿಂಗ ಮಾಡ್ತಾನ ಅಂತ ಗೊತ್ತಿರಲಿಲ್ಲ!"

"ಮತ್ತ ಅವತ್ತ ಯಾಕ ಬಾಯಿ ಬಿಡಲಿಲ್ಲ?"

"ಏನಂತ ಬಿಡ್ಲಿ? ಕೊಟ್ಟದ್ದ ಖರೆ ಅಲ್ಲ? ನೀ ಮಾರಿಕೊಂಡ್ರಿ ಅಂದಿ... ಅದು ಎದಿಗಿ ಹತ್ತಿತು ನನಗ! ಇವಳ ಹಂಗ ತಿಳದ ಮ್ಯಾಲ ಏನ ಹೇಳೂದು ಅನಿಸ್ತು! ಅವತ್ತ ಎದ್ದು ಸೀದಾ ಅವನ ಅಂಗಡಿಗೇ ಹೋದೆ! ಅವನ ಅಂಗೀ ಕೊರಳ ಹಿಡದೀನಿ! ದಡಿಗೆ ಯಾರ ಹೆಸರ ಬರದಿರತೈತಿ ಅಂತ ನಕ್ಕ! ನೂಕಿ ಹೊರಗ ಹಾಕಿದ್ರು! ಮನಿಗಿ ಬಂದ್ರ ನೀ ಇರಲಿಲ್ಲ!"

"ಅದನ್ನೂ ನನಗ ಹೇಳಲಿಲ್ಲ!"

"ಹೆಂಗ ಹೇಳ್ಲಿ? ನೀ ಬೇಕು ಅನ್ನೂ ಮಾತ ಬಿಟ್ಟ ಬ್ಯಾರೆ ಮಾತ ಇರಲಿಲ್ಲ ನನ್ನ ಹಂತ್ಯಾಕ! ಬಾ ಅನ್ನಾಕ ಯಾವ ಮಾರಿ ಇತ್ತು? ಹೇಳಿದ್ರ ಮತ್ತ ತಪ್ಪ ಮುಚ್ಚಾಕತ್ತಾನ ಅಂತಿದ್ದಿ! ದಿನಾ ಫೋನ್ ಹಿಡದ ಕೂಡ್ತೀನಿ! ನೀ ಇಲ್ಲದ ಆ ಮನ್ಯಾಗ ನನಗ ಜೀವ ಹತ್ತವಲ್ದು ಅಂತ ಬರೀತೀನಿ, ಅಳಸ್ತೀನಿ! ಕಡೀಕ ಏನೂ ತಿಳೀದ..."

ಆ ಕ್ಷಣಕ್ಕೆ ಕರೆಂಟ್ ಹೋಯಿತು.

ಎಲ್ಲ ಮಗ್ಗಗಳೂ ಒಟ್ಟಿಗೇ ನಿಂತವು. ಓಣಿಗೆ ಓಣಿಯೇ ಉಸಿರು ಬಿಗಿಹಿಡಿದಂತೆ ಸ್ತಬ್ಧವಾಯಿತು. ಬಾಳೇಶನ ಗಂಟಲಿಗೆ ಮಾತ್ರ ಅದು ತಿಳಿಯಲಿಲ್ಲ.

"...ಊಟ ಆತೇನ ಅಂತ ಕೇಳತೀನಿ!!"

ಆ ಕೂಗು ಗೋಡೆಗೆ ಬಡಿದು, ಕಿಟಕಿ ದಾಟಿ, ಎದುರು ಮನೆಯ ಕಟ್ಟೆಯವರೆಗೂ ಹೋಯಿತು.

ಮಲಕಾಜಪ್ಪ ಎಳೆ ಬಿಟ್ಟು ತಲೆ ಎತ್ತಿದ. ಅವನ ಕಿವಿಗೆ ಬಿದ್ದದ್ದು ಅಷ್ಟೇ.

"ಮಧ್ಯಾಹ್ನದ್ದ ಆಗೇತ್ರಿ ಅಳಿಯಾರ," ಎಂದ ಅವನು ಗಂಭೀರವಾಗಿ. "ರಾತ್ರೀದ ಇನ್ನೂ ಆಗಿಲ್ಲ. ಬರ್ರಿ, ಕೂಡೇ ಉಣ್ಣೂಣು. ಅದಕ್ಕ ಅಷ್ಟ್ಯಾಕ ಒದರತೀರಿ?"

ಅಡುಗೆಮನೆಯ ಬಾಗಿಲಲ್ಲಿ ಯಲ್ಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತು.

ನಂದಾಳಿಗೆ ನಗು ಬಂತು. ಬರಬಾರದ ಹೊತ್ತಿನಲ್ಲಿ, ಕಣ್ಣೀರಿನ ಜೊತೆಗೇ ಬಂತು! ತುಟಿ ಕಚ್ಚಿ ತಡೆದಳು.

ದಿನಾ ಬಂದ ಆ ಎರಡು ಶಬ್ದದ ಹಿಂದೆ ಇಷ್ಟೆಲ್ಲ ಇತ್ತೇ? ಬರೆದು ಅಳಿಸಿದ ಮೇಲೆ ಉಳಿದದ್ದನ್ನಷ್ಟೇ ಕಳಿಸುತ್ತಿದ್ದನೇ ಈ ಮನುಷ್ಯ?

ಆದರೂ ಸಿಟ್ಟು ಹೋಗಲಿಲ್ಲ. ಯಾಕೆ ಹೋಗಬೇಕು? ಮಾರಿಕೊಂಡಿಲ್ಲ ಎಂದ ಮಾತ್ರಕ್ಕೆ ಕೇಳದೆ ಕೊಟ್ಟದ್ದು ಸರಿಯಾಗುತ್ತದೆಯೇ?

"ಕೂಡ್ರಿ," ಎಂದಳು ಮೆಲ್ಲಗೆ. ಈಗ ಕೂಗಬೇಕಾದ ಅಗತ್ಯವಿರಲಿಲ್ಲ. "ನನಗ ಕೆಲಸೈತಿ."

ಸ್ಪೇಸ್ ಒತ್ತಿದಳು. ಟಿಕ್ ಅಳಿಯಿತು. ಟಚ್‌ಪ್ಯಾಡಿನ ಮೇಲೆ ಬೆರಳಿಟ್ಟಳು.

ಬಾಣ ಕದಲಿತು!

ಬ್ಯಾಟರಿ ಸಾಕಷ್ಟಿತ್ತು. ಅರೆಬೆಳಕಿನ ಕೋಣೆಯಲ್ಲಿ ಪರದೆಯ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಮೂಲೆಯಲ್ಲಿ ಬಳ್ಳಿ ತಿರುಗಿಸತೊಡಗಿದಳು. ಟಚ್‌ಪ್ಯಾಡಿನ ಮೇಲೆ ಬೆರಳಿಂದ ಬರೆಯುವುದು ಸುಲಭವಲ್ಲ. ಗೆರೆ ಜಿಗಿಯಿತು. ಅಳಿಸಿದಳು. ಮತ್ತೆ ಜಿಗಿಯಿತು. ಮತ್ತೆ ಅಳಿಸಿದಳು. ಆಮೇಲೆ ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ, ಉಸಿರು ಹಿಡಿದು ಎಳೆದಳು. ಗೆರೆ ನಿಂತಿತು!

ಬಾಳೇಶ ನೂಲಿನ ಮೂಟೆಯ ಮೇಲೆ ಕುಳಿತು ನೋಡುತ್ತಿದ್ದ. ಗೆರೆ ಜಿಗಿದಾಗಲೆಲ್ಲ ಅವನ ಕೈ ಮುಂದೆ ಬರುತ್ತಿತ್ತು. ತಾನೇ ಅದನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡ. ಯಲ್ಲವ್ವ ತಂದಿಟ್ಟ ಚಹಾ ಆರಿಹೋಯಿತು.

ಹೊರಗೆ ಆಕಾಶ ಕೆಂಪಾಗಿದ್ದಾಗ ನಂದಾ ಡಿಸೈನ್ ಕಳಿಸಿದಳು. ಸ್ವಲ್ಪ ಹೊತ್ತಿಗೇ ಶ್ರೀದೇವಿ ಅಕ್ಕನ ಫೋನ್ ಬಂತು.

"ಮುಟ್ಟಿತವಾ ನಂದಾ! ಆ ಮೂಲಿ ಏನ ತಿರಗಸಿ! ಮುಂಜಾನೆ ಬಸ್ಸಿಗೆ ಬಂದಬಿಡು. ಚೀಟ್ಯಾಗ ಹೆಸರ ಏನಂತ ಹಾಕಸ್ಲಿ? ನಂದಾ ಬಾಳೇಶ ಅಂತೇನು?"

ನಂದಾ ಗಂಡನ ಕಡೆ ನೋಡಿದಳು. ಅವನಿಗೂ ಅಷ್ಟಿಷ್ಟು ಕೇಳಿಸಿತ್ತು. ಅವನು ತಲೆ ಅಲ್ಲಾಡಿಸಿದ. ಬೇಡ ಎಂದು.

"ಬರೇ ನಂದಾ ಅಂತ ಹಾಕಸ್ರಿ ಅಕ್ಕಾ."

ನಂದಾ ಫೋನ್ ಕೆಳಗಿಟ್ಟಳು. ಮಲಕಾಜಪ್ಪ ಕೈಕಾಲು ತೊಳೆಯಲು ಹಿತ್ತಲಿಗೆ ಹೋಗಿದ್ದ.

"ತಪ್ಪಾತು ನಂದಾ," ಎಂದ ಬಾಳೇಶ. "ಅವ ಕದ್ದದ್ದು ಬ್ಯಾರೆ. ನಾ ಕೇಳದ ಕೊಟ್ಟದ್ದ ನನ್ನ ತಪ್ಪು. ಅವತ್ತ ಹೇಳಬೇಕಾಗಿತ್ತು ಈ ಮಾತ."

ಇದೇ ಮಾತಿಗಾಗಿ ಅವಳು ಇಷ್ಟು ದಿನ ಕಾದಿದ್ದಳು.

"ನಾನೂ..." ನಂದಾ ಸೀರೆಯ ಚುಂಗು ಬೆರಳಿಗೆ ಸುತ್ತಿಕೊಂಡಳು. "ನಾ ಕೇಳಿದ್ದು ಕೇಳಿದ್ಹಂಗ ಇರಲಿಲ್ಲರಿ. ಮೊದಲ ಮನಸಿನ್ಯಾಗ ನಿಮ್ಮನ್ನ ಕಳ್ಳನ್ನ ಮಾಡಿ ಆಮ್ಯಾಲ ಕೇಳಿದೆ. ಮಾರಿಕೊಂಡ್ರಿ ಅನಬಾರದಾಗಿತ್ತು ನಿಮಗ."

ಬಾಳೇಶನ ಕಣ್ಣು ಒದ್ದೆಯಾದವು. ಧೂಳಿನ ಮುಖವನ್ನು ತೋಳಿನಿಂದ ಒರೆಸಿಕೊಂಡು ಮುಖ ಇನ್ನಷ್ಟು ಕೆಡಿಸಿಕೊಂಡ.

"ಒಂದ ಕೇಳಲೇನು?"

"ಕೇಳ್ರಿ."

"ಹೊಸಾ ಮೌಸ್ ತಂದ ಮ್ಯಾಲ ಮತ್ತ ಗೆರಿ ಜಿಗೀತಾವು. ಆ ಟಿಕ್... ತಿರಗಿ ಹಾಕಲೇನು?"

"ಬ್ಯಾಡ. ಎಲ್ಲೈತಿ ಅಂತ ನೋಡೀನಲ್ಲ, ಬೇಕಾದ್ರ ನಾನ ಹಾಕ್ಕೊಂತೀನಿ. ಮತ್ತ ಆ ಪಾಸ್‌ವರ್ಡೂ ನಾನ ಬದಲ್ ಮಾಡ್ತೀನಿ. ಹ್ಯಾಂಗ ಅಂತ ಅಷ್ಟ ಕಲಸ್ರಿ."

"ನನಗ ಹೇಳತಿಯೇನು, ಏನ ಇಟ್ಟಿ ಅಂತ?"

"ನೋಡೂಣು!"

ಅವನು ನಕ್ಕ. ಎಷ್ಟೋ ದಿನಗಳ ಮೇಲೆ ಆ ನಗು ನೋಡಿ ನಂದಾ ಮುಖ ಆಚೆ ತಿರುಗಿಸಿದಳು. ಇಷ್ಟು ಬೇಗ ಸೋಲಬಾರದಲ್ಲ!

"ಮನಿಗಿ... ಬರ್ತಿಯೇನು ನಂದಾ?"

"ಮುಧೋಳದ್ದು ನನ್ನ ಮನಿ. ಅದಕ್ಕ ಯಾರೂ ಕರೀಬೇಕಾಗಿಲ್ಲ. ಬರಬೇಕು ಅನಿಸಿದಾಗ ಬರತೀನಿ."

ಬಾಳೇಶ ತಲೆ ತಗ್ಗಿಸಿದ. ಮತ್ತೆ ಕೇಳಲಿಲ್ಲ, ಒತ್ತಾಯ ಮಾಡಲಿಲ್ಲ. ಅವಳೇ ಅಂದಳು, ಲ್ಯಾಪ್‌ಟಾಪ್ ಮುಚ್ಚುತ್ತ, ಅವನ ಕಡೆ ನೋಡದೆ.

"ನಾಳೆ ಮುಂಜಾನೆ ಜಮಖಂಡಿಗೆ ಹೋಗೂದೈತಿ ನಾನು. ಕಾರ್ಡ್ ಹೊಡೆಯೂತನಾ ಅಲ್ಲೇ ಕೂಡಬೇಕು. ಬಾ ಅಂತ ಹೇಳಾಕತ್ತಿಲ್ಲ. ಜೋಡಿ ಬರಾಕ ನಿಮಗ ಮನಸೈತೇನು ಅಂತ ಕೇಳಾಕತ್ತೇನಿ."

ಬಾಳೇಶ ತಲೆ ಎತ್ತಿದ. "ಐತಿ."

"ಕೆಲಸಾ?"

"ರಜಾ ಕೇಳತೀನಿ." ಒಂದು ಕ್ಷಣ ತಡೆದು, "ನೀ ಬ್ಯಾಡ ಅಂದ್ರ ಬರಂಗಿಲ್ಲ ನಂದಾ."

ನಂದಾ ಎದ್ದು ಬಂದು, ಸೆರಗಿನ ತುದಿಯಿಂದ ಅವನ ಹುಬ್ಬಿನ ಮೇಲಿನ ಧೂಳು ಒರೆಸಿದಳು.

"ಬ್ಯಾಡ ಅಂದಿಲ್ಲಲ್ರಿ..."